ಚಿಟ್ಟೆಬೆಟ್ಟ ಹತ್ತಿದ ಚೆನ್ನಾಜಿ

ಬೆಟ್ಟಗಳು ಇನ್ನೂ ಮನುಷ್ಯರ ಮಾತು ಕೇಳಿಸಿಕೊಳ್ಳುತ್ತಿದ್ದ ಕಾಲದಲ್ಲಿ, ಸೌರಭಪುರವೆಂಬ ರಾಜ್ಯದಲ್ಲಿ ಹಾಲಪ್ಪನೆಂಬ ಹೂವಾಡಿಗನಿದ್ದ. ಹೆಂಡತಿ ತೀರಿಕೊಂಡಿದ್ದಳು. ಚೆನ್ನಾಜಿ ಒಬ್ಬಳೇ ಮಗಳು. ಮಾಲೆ ಕಟ್ಟಲು ಬಂದವರಿಗೆಲ್ಲ ಬಡಿಸಿ, ಮಗಳಿಗೆ ಬಡಿಸಿ, ಎಲ್ಲರದ್ದೂ ಮುಗಿದ ಮೇಲೆಯೇ ಅವನು ಉಣ್ಣುತ್ತಿದ್ದ. ಬೇಲಿಗೆ ಹರವಿದ ಅವನ ಹೆಗಲ ಮೇಲಿನ ಬೆವರಿನ ವಲ್ಲಿಗೆ ಚಿಟ್ಟೆಗಳು ಮುತ್ತಿಕೊಂಡರೆ, "ಓಡಿಸಬೇಡ ಅವ್ವಾ, ಉಪ್ಪಿನ ಆಸೆ ಅವಕ್ಕೂ ಇರುತ್ತೆ" ಎಂದು ಮಗಳಿಗೆ ಹೇಳುತ್ತಿದ್ದ.

ಒಂದು ದಿನ ರಾಜನಿಗೆ ಏಳು ಬಣ್ಣದ ಚಿಟ್ಟೆ ಬೇಕೆನಿಸಿತು. ಆಸೆ ರಾಜನದು, ಬೆಟ್ಟ ಹತ್ತುವ ಕಾಲು ಮಾತ್ರ ಬೇರೆಯವರದು. ಬಲೆ ಹಿಡಿದು ಹೋದವರು ಒಬ್ಬರೂ ಮರಳದಿರಲು, ಹೂವು ಬಲ್ಲವನಿಗೆ ಚಿಟ್ಟೆಯೂ ಸಿಕ್ಕೀತೆಂದು ಹಾಲಪ್ಪನನ್ನು ಚಿಟ್ಟೆಬೆಟ್ಟಕ್ಕೆ ಅಟ್ಟಿದರು. ಹಿಂದೆ ಹೋದವರಂತೆ ಅವನೂ ಮರಳಲಿಲ್ಲ.

ಮಳೆಗಾಲ ಕಳೆಯುತ್ತಲೇ ಚೆನ್ನಾಜಿ ಮನೆಯ ಬಾಗಿಲು ಎಳೆದುಕೊಂಡು ಅಪ್ಪನನ್ನು ಹುಡುಕಿ ಹೊರಟಳು. ಬೆಟ್ಟದ ನೆತ್ತಿಯಲ್ಲಿ ಜಟಾಲನೆಂಬ ಮಾಂತ್ರಿಕ ಕೂತಿದ್ದ. ಸುತ್ತ ಸಾವಿರಾರು ಚಿಟ್ಟೆಗಳು.

"ಬಲೆ ಹಿಡಿದು ಬಂದವರೆಲ್ಲ ಇಲ್ಲೇ ಹಾರಾಡುತ್ತಿದ್ದಾರೆ," ಎಂದ ಅವನು. "ಹೊತ್ತು ಮುಳುಗುವುದರೊಳಗೆ ನಿನ್ನ ಅಪ್ಪನನ್ನು ಗುರುತಿಸಿ ಬೆರಳು ನೀಡು. ಸರಿಯಾದರೆ ಎಲ್ಲರಿಗೂ ಬಿಡುಗಡೆ. ತಪ್ಪಿದರೂ, ತಡವಾದರೂ ನಿನಗೂ ರೆಕ್ಕೆ."

ಮೊದಲು ಹೊಂಬಣ್ಣದ ಚಿಟ್ಟೆಯೊಂದು ಬಂದು ಅವಳ ಮುಂದೆ ಮೆರೆಯಿತು. "ಇವನೇ," ಎಂದ ಜಟಾಲ.

"ಅಲ್ಲ. ನನ್ನಪ್ಪ ಹಬ್ಬಕ್ಕೂ ಜರಿ ಪೇಟ ಸುತ್ತಿದವನಲ್ಲ."

ಆಮೇಲೆ ನೀಲಿ ಚಿಟ್ಟೆ ಬಂತು. "ಮಗಳೇ, ನಾನು ನಿನ್ನ ಅಪ್ಪ," ಎಂದಿತು. ದನಿ ಹಾಲಪ್ಪನದೇ. ಚೆನ್ನಾಜಿ ಬೆರಳು ಅರ್ಧ ಚಾಚಿ ಹಿಂದಕ್ಕೆಳೆದುಕೊಂಡಳು.

"ನನ್ನಪ್ಪ ನನ್ನನ್ನು ಕರೆಯುತ್ತಿದ್ದದ್ದು ಅವ್ವಾ ಅಂತ."

ಜಟಾಲ ಸಿಟ್ಟಿನಿಂದ ಕೈ ಬೀಸಿದ. ಬೆಟ್ಟದ ಚಿಟ್ಟೆಗಳೆಲ್ಲ ಒಂದೇ ಮಣ್ಣಿನ ಬಣ್ಣಕ್ಕೆ ತಿರುಗಿದವು. ಅವಳಿಗೆ ದಿಕ್ಕು ತೋಚಲಿಲ್ಲ. ಹೊತ್ತು ಇಳಿಯುತ್ತಿತ್ತು. ಕಣ್ಣು ಒರೆಸಿಕೊಳ್ಳಲು ಸೆರಗು ಎತ್ತಿದಾಗ ಅದು ಬೆಟ್ಟ ಹತ್ತಿದ ಬೆವರಿಗೆ ತೊಯ್ದಿರುವುದು ತಿಳಿಯಿತು. ಅಪ್ಪನ ವಲ್ಲಿ ನೆನಪಾಯಿತು. ಅವಳು ಸೆರಗನ್ನು ಬಂಡೆಯ ಮೇಲೆ ಹರವಿ ಸುಮ್ಮನೆ ಕೂತಳು.

ಚಿಟ್ಟೆಗಳು ಒಂದರ ಮೇಲೊಂದು ಬಿದ್ದು ಉಪ್ಪು ಹೀರತೊಡಗಿದವು. ಒಂದು ಮಾತ್ರ ಅಂಚಿನಲ್ಲಿ ರೆಕ್ಕೆ ಮಡಚಿ ಕೂತಿತ್ತು. ಒಂದು ಹೆಜ್ಜೆ ಮುಂದೆ ಬರುವುದು, ಹೊಸ ಚಿಟ್ಟೆ ಇಳಿದರೆ ಅದಕ್ಕೆ ಜಾಗ ಬಿಟ್ಟು ಹಿಂದೆ ಸರಿಯುವುದು. ಹೊಟ್ಟೆ ತುಂಬಿದವು ಎದ್ದುಹೋದರೂ ಅದು ಕಾಯುತ್ತಲೇ ಇತ್ತು.

ಚೆನ್ನಾಜಿ ಮೆಲ್ಲಗೆ ಬೆರಳು ನೀಡಿದಳು. "ಎಲ್ಲರದ್ದೂ ಆಯ್ತಪ್ಪ. ಇನ್ನು ನೀನು ಉಣ್ಣು."

ಚಿಟ್ಟೆ ಬೆರಳು ಹತ್ತಿತು. ಮರುಕ್ಷಣ ಅವಳ ಕೈಯಲ್ಲಿ ಅಪ್ಪನ ಒರಟು ಕೈ ಇತ್ತು. ಬೆಟ್ಟದ ತುಂಬ ಜನ ಎದ್ದು ನಿಂತು ತಮ್ಮ ತಮ್ಮ ಕೈಕಾಲು ನೋಡಿಕೊಂಡರು. ಜಟಾಲ ಕುಗ್ಗಿ ಕುಗ್ಗಿ ಕಂಬಳಿಹುಳುವಾಗಿ ಎಲೆಯಡಿ ಸೇರಿದ. ಅವನಿಗೆ ರೆಕ್ಕೆ ಎಂದೂ ಮೂಡಲಿಲ್ಲ. ರಾಜ ಮರಳಿ ಬಂದವರ ಮುಖ ನೋಡಿ ನಾಚಿದ, ಮತ್ತೆ ಚಿಟ್ಟೆ ಕೇಳಲಿಲ್ಲ. ಸೌರಭಪುರದ ಮನೆಗಳಲ್ಲಿ ಮತ್ತೆ ನಗು ಕೇಳಿಸಿತು.

ಮರಳಿದ ದಿನ ಮನೆ ತುಂಬ ಜನ ಊಟಕ್ಕೆ ಕೂತಾಗ ಚೆನ್ನಾಜಿ ಮೊದಲ ಎಲೆಯನ್ನು ಅಪ್ಪನಿಗೇ ಹಾಕಿದಳು.

"ಎಲ್ಲರದ್ದೂ ಆಗಲಿ ಅವ್ವಾ," ಎಂದ ಹಾಲಪ್ಪ.

ಅವಳು ತನ್ನ ಎಲೆಯನ್ನೂ ಎತ್ತಿಟ್ಟು, ಎಲ್ಲರದ್ದೂ ಆಗುವವರೆಗೆ ಅವನ ಪಕ್ಕದಲ್ಲಿ ಕಾದು ಕೂತಳು.