ಆಚೆ ದಡದ ಗೂಟ

ಕಡವಿನ ಹಗ್ಗ ಹೋಗಿದೆ ಎಂದು ಮೊದಲು ಕಂಡವಳು ನಾನೇ.

ಓಟಿನ ದಿನದ ಬೆಳಗ್ಗೆ ಗಂಜಿಗೆ ನೀರು ತರಲು ಹೊಳೆಗೆ ಇಳಿದೆ. ದೋಣಿ ತನ್ನ ಜಾಗದಲ್ಲಿರಲಿಲ್ಲ. ಎತ್ತಿನ ಗಾಡಿಯನ್ನೇ ಹೊರುವ ಚಪ್ಪಟೆ ದೋಣಿ ಅದು. ಎರಡೂ ದಡದ ಗೂಟಗಳಿಗೆ ಬಿಗಿದ ದಪ್ಪ ಹಗ್ಗವನ್ನು ಹಿಡಿದು ಎಳೆದುಕೊಂಡು ಹೋಗಬೇಕು. ಈಗ ಅದು ಕೆಳಗಡೆ, ನಮ್ಮ ದಡದ ಮರಳಿನ ಮೇಲೆ ಓರೆಯಾಗಿ ಕೂತಿತ್ತು. ಹಿಮ ಕರಗಿ ಹೊಳೆ ಭರ್ತಿ. ಆಚೆ ದಡದಲ್ಲಿ ಭಾನುವಾರದ ಕೋಟು ತೊಟ್ಟ ಹತ್ತು ಹನ್ನೆರಡು ಗಂಡಸರು ಬಾಯಿ ಬಾಯಿ ಬಡಿದುಕೊಳ್ಳುತ್ತಿದ್ದರು.

ಎಲ್ಲರಿಗಿಂತ ದೊಡ್ಡ ದನಿ ಎಬನೇಜರ್ ಲೇಡ್ಲಾ ಅವರದು. ಚರ್ಚಿನ ಹಿರಿಯರು. ಆಚೆ ದಡದ ರೈತರಿಗೆಲ್ಲ ಯಜಮಾನರಿದ್ದಂತೆ.

"ನಮ್ಮ ಓಟು ಕದ್ರು! ಹಾಡಹಗಲೇ ಕದ್ರು!" ಎಂದು ಕೂಗುತ್ತಿದ್ದರು.

ನಾವು ಸ್ಕಾಟ್ಲೆಂಡಿನಿಂದ ಹಡಗು ಹತ್ತಿ ಭೂಮಿಯ ಇನ್ನೊಂದು ತುದಿಯ ಈ ಒಟಾಗೋ ಸೀಮೆಗೆ ಬಂದಿಳಿದು ಐದು ವರ್ಷವಾಗಿತ್ತು. ಪ್ರಾಂತ್ಯದ ಮಂಡಳಿಗೆ ಇದೇ ಮೊದಲ ಚುನಾವಣೆ. ಜಮೀನಿರುವ ಗಂಡಸರಿಗೆ ಮಾತ್ರ ಓಟು. ನನ್ನಂಥ ವಿಧವೆಗೆ ಕಡವಿನ ಬಳಿ ಹೆಂಡದಂಗಡಿಯಿತ್ತು, ನಾಲಿಗೆಯಿತ್ತು, ಓಟಿರಲಿಲ್ಲ.

ಆದರೆ ದೋಣಿ ನಡೆಸುವವನು ನನ್ನ ತಮ್ಮ ಹೆಕ್ಟರ್. ಹಗ್ಗ ಹೋದರೆ ಮೊದಲ ಬೆರಳು ಅವನ ಕಡೆಗೇ.

*

ಊರೆಲ್ಲ ಕಡವಿನಲ್ಲಿ ಸೇರಿತು. ಉಮೇದುವಾರರು ಇಬ್ಬರು. ಒಬ್ಬ ಇಂಗ್ಲಿಷಿನವನು, ಸಾವಿರಾರು ಕುರಿಗಳ ಧಣಿ ಕ್ಯಾಪ್ಟನ್ ವಿಂಡಮ್. ಇನ್ನೊಬ್ಬ ನಮ್ಮ ಚರ್ಚಿನ ಕಡೆಯ ದೂಗಲ್ಡ್ ಮೆಕೆಲರ್, ಲೇಡ್ಲಾ ಅವರ ಹೆಂಡತಿಯ ಅಣ್ಣ. ಆಚೆ ದಡದವರೆಲ್ಲ ದೂಗಲ್ಡನ ಓಟುಗಳು. ಓಟು ಹಾಕುವುದು ಈಚೆ ದಡದ ಶಾಲೆಯಲ್ಲಿ. ಅವರು ಬರದಿದ್ದರೆ ಕ್ಯಾಪ್ಟನ್ ಗೆದ್ದಂತೆ.

"ನಿನ್ನೆ ಕ್ಯಾಪ್ಟನ್ ಕೊಡಿಸಿದ ರಮ್ ಕುಡಿದವನು ಯಾರು?" ದೂಗಲ್ಡ್ ಹೆಕ್ಟರನ ಕಡೆ ಬೆರಳು ತೋರಿಸಿದ. "ಇವನೇ!"

"ನಿನ್ನ ಕಡೆಯವರೂ ಕುಡಿದ್ರು," ಎಂದೆ ನಾನು. "ಸುರಿದವಳು ನಾನು. ಒಬ್ಬೊಬ್ಬರ ಹೆಸರೂ ಹೇಳಲಾ?"

ನಾಲ್ಕೈದು ಜನ ಮೆಲ್ಲಗೆ ಹಿಂದೆ ಸರಿದರು.

ಚುನಾವಣಾಧಿಕಾರಿ ಆಲ್ಡಸ್ ಗಂಟಲು ಸರಿ ಮಾಡಿಕೊಂಡರು. "ಕಡವು ಹೆಕ್ಟರ್ ಬೇನ್‌ನ ಹೊಣೆ. ಇದನ್ನ ಮಾಡಿದವನು ಸಂಜೆಯೊಳಗೆ ಸಿಗದಿದ್ರೆ ಅವನ ಗುತ್ತಿಗೆ ರದ್ದು. ಗುಡಿಸಲೂ ಬಿಡಬೇಕು."

ಹೆಕ್ಟರನ ಹೆಂಡತಿ ತೊಟ್ಟಿಲ ಕೂಸನ್ನು ಎತ್ತಿಕೊಂಡು ಅಲ್ಲೇ ನಿಂತಿದ್ದಳು. ಅವಳ ಮುಖ ನೋಡಲು ನನ್ನಿಂದಾಗಲಿಲ್ಲ.

ಇಷ್ಟೆಲ್ಲ ಗಲಾಟೆಯಲ್ಲಿ ಒಬ್ಬ ಮಾತ್ರ ಸುಮ್ಮನಿದ್ದ. ಕಾನ್‌ಸ್ಟೇಬಲ್ ಟಲಕ್. ಶೆಟ್‌ಲ್ಯಾಂಡ್ ದ್ವೀಪದವನು, ಮಾತು ಕಡಿಮೆ. ನಮ್ಮ ಕಡೆಯ ಗೂಟದ ಬಳಿ ಕುಕ್ಕರಗಾಲಲ್ಲಿ ಕೂತು ನೀರಿನಿಂದ ಹಗ್ಗ ಎಳೆಯುತ್ತಿದ್ದ. ಎಳೆದಷ್ಟೂ ಬರುತ್ತಿತ್ತು. ಕೊನೆಗೆ ತುದಿ ಬಂತು. ಕೊಡಲಿಯಿಂದ ಕಡಿದ ತುದಿ.

"ಹೆಕ್ಟರ್, ರಾತ್ರಿ ದೋಣಿ ಯಾವ ಕಡೆ ಇತ್ತು?"

"ಈಚೆ ಕಡೆ ಸ್ವಾಮಿ. ಕೊನೇ ಸಲ ಆಚೆಯಿಂದ ಖಾಲಿ ತಂದೆ, ಹಗ್ಗಕ್ಕೇ ಬಿಗಿದೆ. ಆಮೇಲೆ ಅಕ್ಕನ ಮನೇಲಿ ಮಲಗಿದೆ."

"ಒಲೆ ಮುಂದೆ, ಬೂಟು ಸಮೇತ. ಗೊರಕೆಗೆ ನಾನು ನಿದ್ದೆ ಮಾಡಿಲ್ಲ," ಎಂದೆ.

ಟಲಕ್ ಎದ್ದ. "ಹಗ್ಗ ಪೂರ್ತಿ ಈ ಗೂಟದಲ್ಲೇ ಉಳಿದಿದೆ. ಅಂದ್ರೆ ಕಡಿದಿರೋದು ಆಚೆ ಗೂಟದ ಹತ್ರ. ಇಲ್ಲಿ ಕಡಿದಿದ್ರೆ ದೋಣಿ ಆಚೆ ದಡ ಸೇರ್ತಿತ್ತು."

"ಹಾಗಾದ್ರೆ ಇವನು ಆಚೆ ಹೋಗಿ ಕಡಿದು ಬಂದಿದಾನೆ!" ಎಂದ ದೂಗಲ್ಡ್.

"ದೋಣಿಯ ಗಂಟು ಈ ಗೂಟದ ಪಕ್ಕದಲ್ಲೇ ಬಿಗಿದ ಹಾಗೇ ಇದೆ," ಎಂದ ಟಲಕ್. "ವಾಪಸ್ ಬಂದಿದ್ದು ಯಾವುದನ್ನ ಹಿಡ್ಕೊಂಡು? ಕಡಿದ ಹಗ್ಗವನ್ನಾ?"

ಯಾರೋ ಕಿಸಕ್ಕನೆ ನಕ್ಕರು. ನಾನಿರಬೇಕು.

"ಮಾಡಿದವನು ರಾತ್ರಿ ಆಚೇನೇ ಉಳಿದೋನು," ಎಂದ ಟಲಕ್. "ನಿನ್ನೆ ಈ ಕಡೆಯೋರು ಯಾರಾದ್ರೂ ದಾಟಿದ್ರಾ ಹೆಕ್ಟರ್?"

"ಪ್ಯಾಸ್ಕೋ. ಕ್ಯಾಪ್ಟನ್‌ರ ಕುರುಬ."

ಜನ ಹೋ ಎಂದರು. ಕ್ಯಾಪ್ಟನ್ ಕೆಂಪಾದ. ಆಲ್ಡಸ್ ಮಾತ್ರ, "ಊಹೆ ಸಾಲದು, ಸಂಜೆಯೊಳಗೆ ಆಸಾಮಿ ಬೇಕು," ಎಂದು ಶಾಲೆಯತ್ತ ನಡೆದರು.

*

ಮಧ್ಯಾಹ್ನದ ಹೊತ್ತಿಗೆ ಹೊಳೆಯ ಬಾಯಿಯ ಕಡೆಯಿಂದ ಈ ನೆಲದ ಮೂಲ ಜನರಾದ ಮಾವೊರಿಗಳ ಹುಟ್ಟುದೋಣಿಯೊಂದು ಬಂತು. ಹೋಹೆಪಾ ಆಲೂಗಡ್ಡೆ ಮಾರಲು ತಂದಿದ್ದ. ಮೂಟೆಗಳನ್ನು ನನ್ನ ಅಂಗಡಿಗೆ ಇಳಿಸಿ, ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಈ ಹೊಳೆಗೆ ಹೆಸರಿಟ್ಟೋರು ನಮ್ಮಜ್ಜಂದಿರು. ನಮಗೆ ಓಟಿಲ್ಲ, ಯಾಕಂದ್ರೆ ಜಮೀನು ಎಲ್ಲರದೂ ಒಟ್ಟಿಗಂತೆ, ಒಬ್ಬನ ಹೆಸರಲ್ಲಿ ಇಲ್ಲವಂತೆ. ಈಗ ನಿಮ್ಮ ಓಟನ್ನ ನಾನು ಹೊರಬೇಕಾ?"

"ಹೊರ್ತೀಯೇನಪ್ಪಾ?" ಎಂದ ಟಲಕ್.

"ಹೊರ್ತೀನಿ. ತಮಾಷೆ ನೋಡಬೇಕಲ್ಲ."

ನಾನೂ ದೋಣಿ ಹತ್ತಿದೆ. ಟಲಕ್ ಹುಬ್ಬು ಏರಿಸಿದ.

"ನೀವ್ಯಾಕೆ ಗ್ರಿಜೆಲಕ್ಕ?"

"ನನ್ನ ತಮ್ಮನ ಮನೆ ಹೋಗ್ತಿದೆ. ನಾನೇನು ಅಂಗಡೀಲಿ ಕೂತು ಲೋಟ ಉಜ್ಜಲಾ?"

ಆಚೆ ಗೂಟದಲ್ಲಿ ಮೊಳದುದ್ದದ ಹಗ್ಗ ನೇತಾಡುತ್ತಿತ್ತು. ಎರಡೇ ಏಟಿಗೆ ಕಡಿದಿತ್ತು. ಕೊಡಲಿ ಇಲ್ಲದ ಮನೆ ಆ ದಡದಲ್ಲಿ ಒಂದೂ ಇಲ್ಲ. ಅದರಿಂದ ಏನೂ ತಿಳಿಯುವಂತಿರಲಿಲ್ಲ.

ಕುರುಬ ಪ್ಯಾಸ್ಕೋ ಅಲ್ಲೇ ಇದ್ದ. ತೋಳಿನವರೆಗೂ ರಕ್ತದ ಕಲೆ. ನಾನು ಬೆಚ್ಚಿಬಿದ್ದೆ.

"ಕುರಿ ಈದಿದ್ದು ಕಣ್ರೀ," ಎಂದ ಪಕ್ಕದಲ್ಲಿದ್ದ ರೈತ ಮಕ್ರೇ. "ಮರಿ ಅಡ್ಡ ತಿರುಗಿತ್ತು. ಸಂಜೆಯಿಂದ ಬೆಳಕು ಹರಿಯೋವರೆಗೂ ಇವನು ನನ್ನ ಕೊಟ್ಟಿಗೆ ಬಿಟ್ಟು ಕದಲಿಲ್ಲ. ಕ್ಯಾಪ್ಟನ್ ಕಡೆಯೋನಾದ್ರೂ ಕೈ ಒಳ್ಳೇದು."

ಪ್ಯಾಸ್ಕೋ ಅಲ್ಲ. ಹಾಗಾದರೆ ಉಳಿದವರು ಆಚೆ ದಡದವರೇ. ಯಾರ ಓಟು ತಪ್ಪಿತೋ ಅವರೇ. ತಮ್ಮ ಕಾಲಿಗೆ ತಾವೇ ಕೊಡಲಿ ಹಾಕಿಕೊಳ್ಳುವವರು ಯಾರು? ನನಗೆ ತಲೆಬುಡ ತಿಳಿಯಲಿಲ್ಲ.

ಟಲಕ್ ಏನೂ ಕೇಳಲಿಲ್ಲ. ಗೂಟಕ್ಕೆ ಒರಗಿ ಪೈಪು ಹಚ್ಚಿದ.

"ದೋಣಿಗೆ ಮೂವರಂತೆ ಹತ್ತಿ," ಎಂದ.

ಜನ ನುಗ್ಗಿದರು. ಲೇಡ್ಲಾ ಯಜಮಾನರು ಕೈ ಅಡ್ಡ ಹಿಡಿದರು. "ಮೊದಲು ಚಿಕ್ಕೋರು ಹೋಗ್ಲಿ. ನಾನು ಆಮೇಲೆ."

ಎರಡನೆಯ ಸಲ, "ಮಕ್ರೇ, ನೀನು ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದೀಯ, ಹತ್ತು," ಎಂದರು. ಮೂರನೆಯ ಸಲ ಒಬ್ಬ ಕುಂಟನನ್ನು ತಾವೇ ಕೈಹಿಡಿದು ಹತ್ತಿಸಿದರು. ಆಮೇಲೆ ಪ್ಯಾಸ್ಕೋನನ್ನೂ ಕರೆದು ಕೂರಿಸಿದರು. ಎದುರು ಪಕ್ಷದವನನ್ನು! ಎಂಥ ದೊಡ್ಡ ಮನಸ್ಸು ಎಂದುಕೊಂಡೆ. ಟಲಕ್‌ಗೂ ಅದನ್ನೇ ಹೇಳಿದೆ.

"ಹೂಂ," ಎಂದ ಟಲಕ್. "ಬಹಳ ದೊಡ್ಡದು."

*

ಕೊನೆಯ ಸಲ ದೋಣಿಯಲ್ಲಿ ಉಳಿದವರು ನಾವು ನಾಲ್ವರೇ. ಹೋಹೆಪಾ ಹುಟ್ಟು ಹಾಕುತ್ತಿದ್ದ.

"ಯಜಮಾನ್ರೆ, ಇನ್ನು ಜಾಗ ಬಿಟ್ಟುಕೊಡೋಕೆ ಯಾರೂ ಉಳಿದಿಲ್ಲ," ಎಂದ ಟಲಕ್.

ಲೇಡ್ಲಾ ಬೂಟಿನ ಮಣ್ಣು ಕೆರೆಯತೊಡಗಿದರು.

"ಬೆಳಗ್ಗೆಯಿಂದ ಓಟು ಓಟು ಅಂತ ಎಲ್ಲರಿಗಿಂತ ಜೋರಾಗಿ ಕೂಗಿದೋರು ನೀವು. ದೋಣಿ ಬಂದಾಗ ಹತ್ತೋಕೆ ಕಾಲೇ ಬರಲಿಲ್ಲ. ನಿಮಗೆ ಹೊಳೆ ಭಯ ಅಲ್ಲ. ಶಾಲೆಯಲ್ಲಿರೋ ಓಟಿನ ಮೇಜಿನ ಭಯ. ಅಲ್ಲಿ ಏನಿದೆ? ಉಮೇದುವಾರರು ಇಬ್ಬರೂ ಎದುರಲ್ಲೇ ಕೂತಿರ್ತಾರೆ. ನಡುವೆ ನಿಂತು ಒಂದು ಹೆಸರನ್ನ ಗಟ್ಟಿಯಾಗಿ ಹೇಳಬೇಕು. ಒಬ್ಬರಿಗೆ ಮಾತು ಕೊಟ್ಟೋನಿಗೆ ಅದರಲ್ಲಿ ಭಯ ಏನು? ಇಬ್ಬರಿಗೂ ಕೊಟ್ಟೋನಿಗೆ ಇರುತ್ತೆ."

ಹೋಹೆಪಾನ ಹುಟ್ಟು ಒಂದು ಗಳಿಗೆ ನಿಂತಿತು.

"ಚಳಿಗಾಲದಲ್ಲಿ ಮಗಳಿಗೆ ಗಂಟಲು ಕಟ್ಟಿ ಉಸಿರೇ ನಿಲ್ಲೋ ಹಾಗಾಗಿತ್ತು," ಎಂದರು ಲೇಡ್ಲಾ. ದನಿ ಬಾವಿಯಿಂದ ಬಂದಂತಿತ್ತು. "ಹಿಮದಲ್ಲಿ ಕ್ಯಾಪ್ಟನ್ ಕುದುರೆ ಹತ್ತಿ ಹೋಗಿ ಡಾಕ್ಟರನ್ನ ತಂದ್ರು. ಅವತ್ತು ಕೈ ಹಿಡಿದು ಹೇಳಿದೆ, ನನ್ನ ಓಟು ನಿಮಗೇ ಅಂತ. ಆಮೇಲೆ ದೂಗಲ್ಡ್ ಚುನಾವಣೆಗೆ ನಿಂತ. ಹೆಂಡತಿಯ ಅಣ್ಣ. ಚರ್ಚಿನಲ್ಲಿ ಎಲ್ಲರ ಮುಂದೆ ಕೇಳಿದ. ಇಲ್ಲ ಅನ್ನೋಕಾಗಲಿಲ್ಲ."

"ಕಾಯಿಲೆ ಅಂತ ಮಲಗಬಹುದಿತ್ತಲ್ಲ?" ನಾನು ತಡೆಯಲಾರದೆ ಕೇಳಿದೆ.

"ಮಲಗಿದೋರನ್ನೂ ಗಾಡೀಲಿ ಹೇರಿಸ್ತೀನಿ ಅಂದಿದ್ದ ದೂಗಲ್ಡ್. ಹಗ್ಗ ಒಂದಿಲ್ಲದಿದ್ರೆ ಯಾರೂ ನನ್ನ ಕೇಳೋಹಾಗಿಲ್ಲ ಅಂದ್ಕೊಂಡೆ."

"ನನ್ನ ತಮ್ಮ? ಅವನ ಕೂಸು?"

ಅವರು ಮುಖ ಮುಚ್ಚಿಕೊಂಡರು. ನನಗೆ ಸಿಟ್ಟು ನೆತ್ತಿಗೇರಿತ್ತು. ಅವರನ್ನು ಹೊಳೆಗೆ ನೂಕಬೇಕೆನ್ನಿಸಿತು. ಸುಳ್ಳು ಯಾಕೆ ಹೇಳಲಿ?

"ಸಂಜೆ ಆಲ್ಡಸ್ ಗುತ್ತಿಗೆ ಕಿತ್ಕೊಳ್ತಾರೆ," ಎಂದ ಟಲಕ್. "ಮೇಜಿನ ಮುಂದೆ ನೀವಾಗೇ ಹೇಳಿದ್ರೆ ಒಳ್ಳೇದು. ಇಲ್ಲದಿದ್ರೆ ನಾನು ಹೇಳಬೇಕಾಗುತ್ತೆ."

*

ಶಾಲೆಯ ತುಂಬ ಜನ. ಮೇಜಿನ ಆ ಬದಿ ಕ್ಯಾಪ್ಟನ್, ಈ ಬದಿ ದೂಗಲ್ಡ್. ಲೇಡ್ಲಾ ನಡುವೆ ನಿಂತರು. ಹ್ಯಾಟು ತೆಗೆದು ಮೇಜಿನ ಮೇಲಿಟ್ಟರು.

"ಯಾರಿಗೆ ನಿಮ್ಮ ಓಟು?" ಕೇಳಿದರು ಆಲ್ಡಸ್.

"ಮೊದಲು ಇನ್ನೊಂದು ಮಾತಿದೆ. ಹಗ್ಗ ಕಡಿದೋನು ನಾನು."

ಲೇಡ್ಲಾ ಎಲ್ಲವನ್ನೂ ಹೇಳಿದರು. ಹಿಮ, ಡಾಕ್ಟರು, ಚರ್ಚು, ಕೊಡಲಿ. ದೂಗಲ್ಡ್ ಬಿಟ್ಟ ಬಾಯಿ ಮುಚ್ಚಲಿಲ್ಲ.

ಕ್ಯಾಪ್ಟನ್ ಹಣೆ ಉಜ್ಜಿಕೊಂಡ. "ಡಾಕ್ಟರನ್ನ ಕರೆತಂದದ್ದು ನೆನಪಿದೆ. ಓಟು ಕೊಡ್ತೀನಿ ಅಂದಿದ್ರಾ? ಯಾವಾಗ? ನನಗೆ ನೆನಪೇ ಇಲ್ಲ ಯಜಮಾನ್ರೆ."

ಲೇಡ್ಲಾ ಅವನನ್ನೇ ನೋಡಿದರು. ಅಷ್ಟು ಹೊತ್ತು ತಡೆದ ಕಣ್ಣೀರು ಆಗ ಇಳಿಯಿತು.

ಆಲ್ಡಸ್ ಕೆಮ್ಮಿದರು. "ಹೆಕ್ಟರನ ಗುತ್ತಿಗೆಗೆ ಏನೂ ತೊಂದರೆಯಿಲ್ಲ. ಹೊಸ ಹಗ್ಗದ ಖರ್ಚು ನಿಮ್ಮದು. ದಂಡದ ಮಾತು ಮ್ಯಾಜಿಸ್ಟ್ರೇಟರ ಮುಂದೆ. ಈಗ ಹೆಸರು ಹೇಳಿ."

"ಯಾರ ಹೆಸರೂ ಇಲ್ಲ. ನನ್ನ ಬಾಯಿಗೆ ಇವತ್ತು ಅಷ್ಟು ಯೋಗ್ಯತೆಯಿಲ್ಲ."

ಸಂಜೆಯ ಎಣಿಕೆಯಲ್ಲಿ ದೂಗಲ್ಡ್ ಗೆದ್ದ, ಆಚೆ ದಡದವರ ಓಟಿನಿಂದಲೇ. ಆದರೆ ಲೇಡ್ಲಾ ಮೇಜು ಬಿಟ್ಟ ಆ ಹೊತ್ತಿನಲ್ಲಿ ಗೆಲುವಿನ ಮಾತು ಯಾರಿಗೂ ಬೇಕಿರಲಿಲ್ಲ. ಜನ ಎರಡು ಪಾಲಾಗಿ ಸರಿದು ಲೇಡ್ಲಾಗೆ ದಾರಿ ಬಿಟ್ಟರು. ಬಾಗಿಲಲ್ಲಿ ಹೆಕ್ಟರ್ ನಿಂತಿದ್ದ, ಕೂಸು ಅವನ ಹೆಗಲ ಮೇಲಿತ್ತು. ಹೊಡೆದೇಬಿಡುತ್ತಾನೆ ಎಂದುಕೊಂಡೆ. ಹೊಡೆಯಲಿ ಎಂದೂ ಅಂದುಕೊಂಡೆ.

"ಯಜಮಾನ್ರೆ," ಎಂದ ಹೆಕ್ಟರ್. "ನಿನ್ನೆ ಸಂಜೆ ನನ್ನ ಹತ್ರ ಬಂದು ಒಂದು ಮಾತು ಹೇಳಬಾರದಿತ್ತಾ? ದೋಣಿ ತೂತು ಬಿದ್ದಿದೆ, ಇನ್ನೊಬ್ಬ ಹತ್ತಿದ್ರೆ ಮುಳುಗುತ್ತೆ ಅಂತ ಉಳಿದೋರನ್ನ ಹತ್ತಿಸಿ, ನಿಮ್ಮನ್ನ ಒಬ್ಬರನ್ನೇ ಆಚೆ ದಡದಲ್ಲೇ ಬಿಟ್ಟು ಬರ್ತಿದ್ದೆನಲ್ಲ."