ಬಾಲವಾಡಿಯ ಗೋಡೆಗೆ ಬಿದ್ದ ಕೆಂಪು ಗೆರೆ

"ಕೈ ತೆಗೀರಿ ಆ ಗೋಡೆ ಮೇಲಿಂದ."

ಬುಲೆಲ್ವಾಳ ದನಿ ದೊಡ್ಡದೇನೂ ಆಗಿರಲಿಲ್ಲ. ಆದರೂ ಬಣ್ಣದ ಡಬ್ಬಿ ಹಿಡಿದು ಬಗ್ಗಿದ್ದ ಆ ಗಂಡಸು ಬ್ರಷ್ ಎತ್ತಿದವನು ಎತ್ತಿದ ಹಾಗೇ ನಿಂತುಬಿಟ್ಟ. ತಗಡಿನ ಗೋಡೆಯ ಮೇಲೆ ಆಗಲೇ ಒಂದು ಕೆಂಪು ಗೆರೆ ಬಿದ್ದಾಗಿತ್ತು. ಅದರ ಮೇಲೊಂದು ಅಡ್ಡಗೆರೆ ಎಳೆಯುವುದಷ್ಟೇ ಬಾಕಿ.

ಒಳಗೆ ಇಪ್ಪತ್ಮೂರು ಮಕ್ಕಳು ಮಧ್ಯಾಹ್ನದ ನಿದ್ದೆಯಲ್ಲಿದ್ದವು. ಹೊರಗೆ ಜನವರಿಯ ಸುಡುಬಿಸಿಲು. ಕೇಪ್‌ಟೌನಿನ ಬೇಸಿಗೆಯ ಆ ಆಗ್ನೇಯ ಗಾಳಿ ಮೂರು ದಿನದಿಂದ ತಗಡುಗಳನ್ನು ಬಡಿಯುತ್ತಲೇ ಇತ್ತು. ಆಗ್ನೇಯವೆಂದರೆ ಅಗ್ನಿಯ ಮೂಲೆ ಎಂದು ನಾವು ಬಾಯಿಪಾಠ ಹೇಳುತ್ತೇವೆ. ವುಲಿಂದ್ಲೇಲಾ ಎಂಬ ಈ ತಗಡಿನ ಮನೆಗಳ ಬಡಾವಣೆಯ ಜನಕ್ಕೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

"ನೀವು ಇಲ್ಲಿನ ಟೀಚರಾ?" ಅವನು ಕೇಳಿದ.

"ಟೀಚರೂ ನಾನೇ, ಅಡುಗೆಯವಳೂ ನಾನೇ, ಈ ಓಣಿ ಸಮಿತಿಗೆ ಮುಖ್ಯಸ್ಥೆನೂ ನಾನೇ. ಈಗ ನೀವು ಹೇಳಿ ಭುತಿ, ಯಾರ ಮನೆ ಕೆಡವೋಕೆ ಬಂದಿದ್ದೀರಿ?"

ಅಲ್ಲಿನ ಮಾತಿನಲ್ಲಿ ಭುತಿ ಎಂದರೆ ಅಣ್ಣ, ಸಿಸಿ ಎಂದರೆ ಅಕ್ಕ. ಅವಳು ಅಂದ ರೀತಿಯಲ್ಲಿ ಮಾತ್ರ ಅಣ್ಣನಿಗೆ ಸಲ್ಲುವ ಪ್ರೀತಿ ಇರಲಿಲ್ಲ.

"ಕೆಡವೋಕಲ್ಲ ಸಿಸಿ. ನಾನು ಲುವುಯೊ, ಅಗ್ನಿಶಾಮಕ ಠಾಣೆಯವನು. ಫೈರ್ ಗಾಡಿ ಒಳಗೆ ಬರ್ಬೇಕಂದ್ರೆ ಓಣಿ ನಾಲ್ಕು ಮೀಟರ್ ಅಗಲ ಬೇಕು. ಇಲ್ಲಿ ಎರಡೂವರೆ ಇದೆ. ಟಾರು ರಸ್ತೆಯಿಂದ ಕೊಳಾಯಿ ಮೂಲೆವರೆಗೆ ಒಂಬತ್ತು ಮನೆ ಸ್ವಲ್ಪ ಹಿಂದೆ ಸರೀಬೇಕು. ನಿಮ್ಮದು ಮುಂದಿನ ಕೋಣೆ, ಅಷ್ಟೇ."

"ಅಷ್ಟೇನಾ? ಆ ಕೋಣೇಲಿ ಹನ್ನೊಂದು ಮಕ್ಕಳು ಮಲಗ್ತವೆ. ಅವನ್ನ ನಿಮ್ಮ ಠಾಣೇಲಿ ಮಲಗಿಸ್ತೀರಾ?"

"ಆರು ಮಂಚ ಇದೆ. ಒಂದೊಂದರ ಮೇಲೆ ಇಬ್ಬಿಬ್ಬರು ಅಂದ್ರೂ ಒಂದು ಜಾಗ ಉಳಿಯುತ್ತೆ. ಆದ್ರೆ ನಮ್ಮ ಕ್ಯಾಪ್ಟನ್ ಗೊರಕೆ ಹೊಡೀತಾರೆ, ಮಕ್ಕಳು ಹೆದರ್ಕೊಂಡಾವು."

ಬುಲೆಲ್ವಾಳ ತುಟಿಯಂಚಿಗೆ ನಗು ಬಂದೇಬಿಟ್ಟಿತ್ತು. ಹಲ್ಲು ಕಚ್ಚಿ ತಡೆದಳು. 'ಇವನ ಮಾತಿಗೆ ಮರುಳಾದರೆ ನಾಳೆ ಮಕ್ಕಳ ತಲೆ ಮೇಲೆ ಸೂರಿರಲ್ಲ...'

ಅವನು ಟೋಪಿ ತೆಗೆದು ಬೆವರು ಒರೆಸಿಕೊಂಡ. ಎಡಹುಬ್ಬನ್ನು ಎರಡಾಗಿ ಸೀಳಿದ ಒಂದು ಹಳೆಯ ಗಾಯ ಕಂಡಿತು. ಬ್ರಷ್ಷನ್ನು ಡಬ್ಬಿಯೊಳಗೆ ಇಟ್ಟ.

"ಅಡ್ಡಗೆರೆ ಇವತ್ತು ಹಾಕಲ್ಲ. ಭಾನುವಾರ ಸಭೆ ಕರೀರಿ. ನೀವೆಲ್ಲ ಒಪ್ಪಿದ್ರೆ ಬರ್ತೀನಿ. ಒಪ್ಪದಿದ್ರೆ..." ಅವನು ಗಾಳಿ ಬರುವ ಕಡೆ ನೋಡಿದ. "ಒಪ್ಪದಿದ್ರೂ ಬರ್ಬೇಕಾಗುತ್ತೆ. ಆಗ ಬಣ್ಣ ಹಿಡ್ಕೊಂಡು ಬರಲ್ಲ, ಕೊಳವೆ ಹಿಡ್ಕೊಂಡು ಬರ್ತೀನಿ."

ಅವನು ಹೋದ ಮೇಲೂ ಆ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ಮೂರು ಬೇಸಿಗೆ ಹಿಂದೆ ಇದೇ ಓಣಿಯಲ್ಲಿ ಬೆಂಕಿ ಬಿದ್ದು ಅರವತ್ತು ಮನೆ ಬೂದಿಯಾಗಿದ್ದವು. ಬುಲೆಲ್ವಾಳ ಚಿಕ್ಕಮ್ಮ ಮನೆಯಿಂದ ಹೊರಬರಲಾಗದೆ ತೀರಿಕೊಂಡಿದ್ದಳು. ಫೈರ್ ಗಾಡಿ ಬಂದಿತ್ತು, ಬಂದು ಟಾರು ರಸ್ತೆಯಲ್ಲೇ ನಿಂತಿತ್ತು. ಹೆಲ್ಮೆಟ್ ಹಾಕಿದ ಗಂಡಸರು ಕೊಳವೆ ಹಿಡಿದು ನಿಂತದ್ದನ್ನು ಕಂಡು ಜನ ಕಲ್ಲೆತ್ತಿಕೊಂಡಿದ್ದರು. ಬುಲೆಲ್ವಾಳೂ ಒಂದು ಕಲ್ಲು ಎಸೆದಿದ್ದಳು. ಅದು ಒಬ್ಬನ ಮುಖಕ್ಕೆ ಬಿದ್ದದ್ದೂ ಅವನು ಮಂಡಿಯೂರಿ ಕುಸಿದದ್ದೂ ಅವಳಿಗೆ ಕಂಡಿತ್ತು. ಈ ವಿಷಯವನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಕೊಳಾಯಿಯ ಬಳಿ ನೂರು ಜನ ಸೇರಿದರು. ಓಣಿಯ ಅಂಗಡಿಯ ಝೋಲಾ ಎಲ್ಲರಿಗಿಂತ ಮೊದಲು ಎದ್ದು ನಿಂತ.

"ಬೆಂಕಿ ಆರಿದ್ಮೇಲೆ ಬರೋರು ನೀವು. ಬೂದಿಗೆ ನೀರು ಹಾಕಿ ಹೋಗ್ತೀರಿ. ಈಗ ನಮ್ಮ ಮನೆ ಬೇರೆ ಸರಿಸ್ಬೇಕಂತೆ."

ಜನ ಹೋ ಎಂದರು. ಲುವುಯೊ ಸದ್ದು ಅಡಗುವವರೆಗೆ ಕಾದ.

"ಮೂರು ವರ್ಷದ ಹಿಂದೆ ನಿಂತುಹೋದ ಗಾಡೀಲಿ ನಾನೂ ಇದ್ದೆ," ಅಂದ. "ನಮ್ಮ ಕೊಳವೆ ಎಷ್ಟು ಉದ್ದ ಇತ್ತೋ ಅಷ್ಟೂ ಬಿಚ್ಚಿದ್ವಿ. ಏಳು ಮೀಟರ್ ಸಾಲಲಿಲ್ಲ. ಏಳೇ ಮೀಟರ್. ಒಳಗೆ ಒಬ್ಬ ಹೆಂಗಸು ಕೂಗ್ತಿದ್ದದ್ದು ನನಗೆ ಕೇಳಿಸ್ತಿತ್ತು. ಆಗ ಈ ಕಲ್ಲು ಬಿತ್ತು." ಹುಬ್ಬನ್ನು ಮುಟ್ಟಿಕೊಂಡ. "ಎಸೆದೋರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಮನೆಯೋರು ಒಳಗಿದ್ದಿದ್ರೆ ನಾನೂ ಎಸೀತಿದ್ದೆ. ಆ ಏಳು ಮೀಟರ್ ಕೊಡಿ ಅಂತ ಕೇಳೋಕೆ ಬಂದಿದ್ದೀನಿ."

ಝೋಲಾ ಮೆಲ್ಲಗೆ ಕೂತ.

ಬುಲೆಲ್ವಾ ಆ ಹುಬ್ಬಿನ ಗಾಯವನ್ನೇ ನೋಡಿದಳು. 'ಅವನೇ... ಅಯ್ಯೋ, ಅವನೇ.' ಒಪ್ಪಿಗೆ ಇದ್ದವರು ಕೈ ಎತ್ತಿ ಎಂದು ಲುವುಯೊ ಕೇಳಿದಾಗ ಎಲ್ಲಕ್ಕಿಂತ ಮೊದಲು ಮೇಲೆ ಹೋದದ್ದು ಅವಳ ಕೈ. ಅವಳನ್ನು ನೋಡಿ ಉಳಿದವರೂ ಎತ್ತಿದರು.

ಆಮೇಲೆ ಕೆಲಸ ಶುರುವಾಯಿತು. ಎರಡು ಮೂರು ದಿನಕ್ಕೊಂದು ಮನೆ ಎರಡು ಹೆಜ್ಜೆ ಹಿಂದೆ ಸರಿಯಿತು. ರಜೆಯ ದಿನಗಳಲ್ಲೂ ಲುವುಯೊ ಸುತ್ತಿಗೆ ಹಿಡಿದು ಬಂದ. ಪ್ರತಿ ಬಾಗಿಲಿಗೂ ಒಂದು ಬಕೆಟ್ ಮರಳು ಇಡಿಸಿದ. ಸೀಮೆಎಣ್ಣೆ ಸ್ಟವ್ ಹೊತ್ತಿಕೊಂಡರೆ ನೀರು ಸುರಿಯಬಾರದು, ಮರಳು ಸುರಿಯಬೇಕು ಎಂದು ಮನೆಮನೆಗೂ ಹೋಗಿ ತೋರಿಸಿಕೊಟ್ಟ. ಬಾಲವಾಡಿಯ ಮಕ್ಕಳಿಗೆ ಗಂಟು ಹಾಕಿದ ಹಗ್ಗ ಕೊಟ್ಟ. ಗಂಟಿಗೊಂದು ಮಗು, ಯಾರೂ ಕೈ ಬಿಡಬಾರದು, ಹಾಗೇ ರಸ್ತೆಯಾಚೆಯ ಮೈದಾನದವರೆಗೆ ನಡಿಗೆ.

"ಇವರನ್ನ ಸಾಲಾಗಿ ನಡೆಸೋಕಿಂತ ಬೆಂಕಿ ಆರಿಸೋದೇ ಸುಲಭ," ಅಂದ ಒಂದು ದಿನ ಏದುಸಿರು ಬಿಡುತ್ತಾ.

"ನಾನು ಆರು ವರ್ಷದಿಂದ ನಡೆಸ್ತಿದ್ದೀನಿ. ನನಗೆ ಯಾರೂ ಹೆಲ್ಮೆಟ್ ಕೊಟ್ಟಿಲ್ಲ."

ಅವನು ತನ್ನ ಹೆಲ್ಮೆಟ್ ತೆಗೆದು ಅವಳ ತಲೆಗಿಟ್ಟ. ಮಕ್ಕಳು ಚಪ್ಪಾಳೆ ತಟ್ಟಿದವು. ಎಣ್ಣೆಯಲ್ಲಿ ಬನ್ನು ಕರಿಯುತ್ತಾ ಎದುರು ಮನೆಯ ಮುಂದೆ ಕೂತಿದ್ದ ಮಾರದೇಬೆ ಅಜ್ಜಿ, "ನನ್ನ ಬನ್ನು ಸೀಯ್ತಿದೆ, ನಿಮ್ಮಿಬ್ಬರನ್ನ ನೋಡ್ತಾ ಕೂತ್ರೆ," ಎಂದು ಗೊಣಗಿದಳು.

ಬುಲೆಲ್ವಾಳಿಗೆ ಕೆನ್ನೆ ಬಿಸಿಯಾಯಿತು. ಜೊತೆಗೇ ತಾನೆಸೆದ ಆ ಕಲ್ಲೂ ನೆನಪಾಯಿತು. 'ಹೇಳಬೇಕು. ಇವತ್ತು ಹೇಳಿಬಿಡ್ತೀನಿ...' ಆದರೆ ಅವನು ನಕ್ಕಾಗಲೆಲ್ಲ ಅವಳ ಧೈರ್ಯ ನಾಳೆಗೆ ಹೋಗುತ್ತಿತ್ತು.

ಎಂಟು ಮನೆ ಸರಿದಿದ್ದವು. ಬಾಲವಾಡಿಯ ಹಿಂಬದಿಗೆ ಹೊಸ ಕೋಣೆ ಕಟ್ಟಿದ ಮೇಲೆ ಮುಂದಿನದನ್ನು ತೆಗೆಯುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಝೋಲಾ ಫೋನ್ ಹಿಡಿದು ಓಡಿ ಬಂದ.

"ನೋಡು ಸಿಸಿ, ನಿನ್ನ ಲುವುಯೊನ ಕೆಲಸ. ವಾರ್ಡ್ ಆಫೀಸಲ್ಲಿ ಒಬ್ಬರು ಫೋಟೊ ತೆಗೆದು ಕಳಿಸಿದ್ರು. ನಲವತ್ತು ಮನೆ ಖಾಲಿ ಮಾಡಿಸ್ಬೇಕಂತೆ."

ಪರದೆಯ ಮೇಲೆ ಮನೆಗಳ ನಂಬರುಗಳ ಸಾಲು. ನಲವತ್ತು. ಕೆಳಗೆ ಅವನ ಸಹಿ.

ಮರುದಿನ ಬಂದವನನ್ನು ಅವಳು ಓಣಿಯ ಬಾಯಲ್ಲೇ ತಡೆದಳು. ಫೋನನ್ನು ಅವನ ಮುಖದ ಮುಂದೆ ಹಿಡಿದಳು.

"ಈ ಸಹಿ ನಿಮ್ಮದಾ?"

"ನನ್ನದೇ. ಆದ್ರೆ ಬುಲೆಲ್ವಾ, ಇದು ಪೂರ್ತಿ..."

"ಸಾಕು. ಒಂಬತ್ತು ಅಂದ್ರಿ, ನಂಬಿದ್ವಿ. ಮಕ್ಕಳ ಕೈಗೆ ಹಗ್ಗ ಕೊಟ್ರಿ, ನಂಬಿದ್ವಿ. ಇನ್ನು ಈ ಓಣೀಲಿ ಒಂದು ಮೊಳೇನೂ ಕೀಳೋ ಹಾಗಿಲ್ಲ."

"ಒಂದು ನಿಮಿಷ ಕೇಳು."

"ನೀವು ಕೇಳಿ." ಅವಳು ಫೋನ್ ಕೆಳಗಿಳಿಸಿದಳು. "ಅವತ್ತು ಆ ಕಲ್ಲು ಎಸೆದದ್ದು ನಾನು. ಒಳಗೆ ಕೂಗ್ತಿದ್ದೋಳು ನನ್ನ ಚಿಕ್ಕಮ್ಮ. ಮೂರು ವಾರದಿಂದ ನಿಮಗೆ ಹೇಗೆ ಹೇಳ್ಲಿ ಅಂತ ಒದ್ದಾಡ್ತಿದ್ದೆ. ಈಗ ಒದ್ದಾಟ ಇಲ್ಲ. ಸರಿಯಾದೋರಿಗೇ ಬಿದ್ದಿದೆ ಅನ್ಸುತ್ತೆ."

ಲುವುಯೊನ ಮುಖದಿಂದ ರಕ್ತ ಇಳಿದುಹೋಯಿತು. ಅವನು ತಿರುಗಿ ನಡೆದ.

ಅವನ ಬೆನ್ನು ಕಾಣದಾದ ಮೇಲೆ ಬುಲೆಲ್ವಾ ಗೋಡೆಗೆ ಒರಗಿ ಕೂತಳು. ಗೆದ್ದವಳ ಹಾಗೆ ಅನ್ನಿಸಲಿಲ್ಲ.

ನಾಲ್ಕು ದಿನ ಅವಳಿಗೆ ಊಟ ಸೇರಲಿಲ್ಲ. ಐದನೆಯ ದಿನ ಮಾರದೇಬೆ ಅಜ್ಜಿ ಎದುರು ಬಂದು ನಿಂತಳು.

"ಪೂರ್ತಿ ಅಂತ ಏನೋ ಹೇಳೋಕೆ ಬಂದ ಅವನು. ಪೂರ್ತಿ ಓದಿದೆಯಾ ನೀನು?"

"ಇಲ್ಲ ಮಖುಲು." ಮಖುಲು ಎಂದರೆ ಅಜ್ಜಿ.

"ಹಾಗಿದ್ರೆ ಹೋಗು, ಓದ್ಕೊಂಡು ಬಾ. ಮಕ್ಕಳನ್ನ ನಾನು ನೋಡ್ಕೊತೀನಿ."

ವಾರ್ಡ್ ಆಫೀಸಿನ ಗುಮಾಸ್ತೆ ಕಡತದಿಂದ ಎರಡು ಹಾಳೆ ತೆಗೆದುಕೊಟ್ಟಳು. ಮೊದಲನೆಯದು ಝೋಲಾ ತೋರಿಸಿದ್ದೇ, ಹೋದ ವರ್ಷ ಬೇರೆ ಯಾರೋ ಮಾಡಿದ ಹಳೆಯ ಪಟ್ಟಿ. ಎರಡನೆಯದು ಲುವುಯೊನ ಅಕ್ಷರದಲ್ಲಿತ್ತು. 'ನಲವತ್ತು ಮನೆಗಳನ್ನು ತೆಗೆಯುವ ಅಗತ್ಯವಿಲ್ಲ. ನಾನು ನಡೆದು ಅಳೆದಿದ್ದೇನೆ. ಒಂಬತ್ತು ಸರಿದರೆ ಸಾಕು. ಆ ಪಟ್ಟಿಯನ್ನು ರದ್ದುಮಾಡಬೇಕೆಂದು ಕೋರುತ್ತೇನೆ.' ಎರಡೂ ಹಾಳೆಯ ಕೆಳಗೆ ಅವನ ಸಹಿಯಿತ್ತು, ಮೊದಲನೆಯದರಲ್ಲಿ ಅದು ಓದಿದ್ದೇನೆ ಎಂಬುದಕ್ಕಷ್ಟೇ.

ಬುಲೆಲ್ವಾ ಆ ಅಕ್ಷರಗಳನ್ನು ಮತ್ತೆ ಮತ್ತೆ ಓದಿದಳು. 'ಎಂಥ ಮಾತಂದೆ ನಾನು... ಸರಿಯಾದೋರಿಗೇ ಬಿದ್ದಿದೆ ಅಂದೆ.'

ವಾಪಸು ಬರುವಾಗ ಬಾಡಿಗೆ ವ್ಯಾನಿನ ಕಿಟಕಿಯಿಂದ ಹೊಗೆ ಕಂಡಿತು. ಕಪ್ಪು ಹೊಗೆ ಗಾಳಿಗೆ ನೆಲದುದ್ದಕ್ಕೂ ಮಲಗಿ ಓಡುತ್ತಿತ್ತು.

"ಅದು ವುಲಿಂದ್ಲೇಲಾ ಕಡೆ ಅಲ್ವಾ?" ಯಾರೋ ಅಂದರು.

ಅವಳು ವ್ಯಾನ್ ಪೂರ್ತಿ ನಿಲ್ಲುವ ಮೊದಲೇ ಧುಮುಕಿ ಓಡಿದಳು.

ಮೈದಾನದಲ್ಲಿ ಮಾರದೇಬೆ ಅಜ್ಜಿ ಹಗ್ಗದ ತುದಿ ಹಿಡಿದು ನಿಂತಿದ್ದಳು. ಗಂಟಿಗೊಂದು ಮಗು. ಬುಲೆಲ್ವಾ ಬೆರಳು ಮಾಡಿ ಎಣಿಸಿದಳು. ಇಪ್ಪತ್ಮೂರು. ಮತ್ತೊಮ್ಮೆ ಎಣಿಸಿದಳು. ಇಪ್ಪತ್ಮೂರು.

"ಯಾರೂ ಕೈ ಬಿಡಲಿಲ್ಲ ಟೀಚರ್," ಅಂದಿತು ಒಂದು ಮಗು.

ಅಷ್ಟರಲ್ಲಿ ಸೈರನ್ ಕೇಳಿತು. ಫೈರ್ ಗಾಡಿ ಟಾರು ರಸ್ತೆಯಿಂದ ಓಣಿಗೆ ತಿರುಗಿತು. ಒಂದು ಮನೆ ದಾಟಿತು, ಎರಡು ದಾಟಿತು... ಆರನೆಯದನ್ನು ದಾಟಿ, ಬಾಲವಾಡಿಯ ಮುಂದೆ ಬಂದು ನಿಂತುಬಿಟ್ಟಿತು.

ಮುಂದಿನ ಕೋಣೆ ಓಣಿಯೊಳಕ್ಕೆ ಚಾಚಿಕೊಂಡಿತ್ತು. ಒಂದು ಮೊಳೇನೂ ಕೀಳಬಾರದು ಎಂದವಳು ಅವಳೇ.

ಅತ್ತ ಕೊಳಾಯಿ ಮೂಲೆಯಲ್ಲಿ ಜನ ಬಕೆಟ್ಟಿನಿಂದ ಮರಳು, ನೀರು ಎರಚುತ್ತಿದ್ದರು. ಗಾಳಿ ಕಿಡಿಗಳನ್ನು ಸೂರಿನಿಂದ ಸೂರಿಗೆ ಹೊತ್ತೊಯ್ಯುತ್ತಿತ್ತು. ಗಾಡಿಯಿಂದ ಲುವುಯೊ ಕೆಳಕ್ಕೆ ಜಿಗಿದ. ಜನ ಗಾಡಿಯನ್ನು ಮುತ್ತಿದರು.

"ಮತ್ತೆ ನಿಂತ್ರಾ? ಮತ್ತೆ ನೋಡ್ತಾ ನಿಲ್ತೀರಾ?" ಝೋಲಾ ಬಗ್ಗಿ ಒಂದು ಕಲ್ಲು ಎತ್ತಿಕೊಂಡ.

ಬುಲೆಲ್ವಾ ನುಗ್ಗಿ ಬಂದು ಅವನ ಮಣಿಕಟ್ಟು ಹಿಡಿದಳು.

"ಕಲ್ಲು ಬಿಡು ಝೋಲಾ. ಗೋಡೆ ಹಿಡಿ."

"ಸಿಸಿ, ಅದು ನಿನ್ನ..."

"ನನ್ನದೇ. ಹಿಡಿ."

ಅವಳು ತಗಡಿನ ಅಂಚಿಗೆ ಬರಿಗೈ ಹಾಕಿ ಎಳೆದಳು. ಲುವುಯೊ ಒಂದು ಕ್ಷಣ ಅವಳನ್ನು ನೋಡಿದ. ಮೂಲೆಯ ಕಂಬಕ್ಕೆ ಸರಪಳಿ ಸುತ್ತಿ ಗಾಡಿಗೆ ಬಿಗಿದ.

"ಎಲ್ಲರೂ ಈ ಕಡೆ ಬನ್ನಿ. ಮೂರಕ್ಕೆ ತಳ್ಳಿ. ಒಂದು, ಎರಡು..."

ಇಪ್ಪತ್ತು ಭುಜಗಳು ಒಟ್ಟಿಗೇ ಬಿದ್ದವು. ಮೊಳೆಗಳು ಕಿರುಚಿದವು. ಕಂಬ ಮುರಿಯಿತು. ಕೋಣೆ ಮಗ್ಗುಲಾಗಿ ಮಲಗಿತು. ಚಿಕ್ಕ ಚಿಕ್ಕ ಚಾಪೆಗಳ ಮೇಲೆ, ಬಣ್ಣದ ಕುರ್ಚಿಗಳ ಮೇಲೆ ಚಕ್ರ ಹರಿದು ಗಾಡಿ ಒಳಗೆ ನುಗ್ಗಿತು.

ಲುವುಯೊ ಹೊಗೆಯೊಳಗೆ ಮರೆಯಾದ.

ಅದರ ನಂತರದ ಒಂದು ಗಂಟೆಯನ್ನು ಬುಲೆಲ್ವಾ ಹೇಗೆ ಕಳೆದಳೆಂದು ಅವಳಿಗೇ ನೆನಪಿಲ್ಲ. ಅಂಗೈ ಸೀಳಿ ರಕ್ತ ಸುರಿಯುತ್ತಿದ್ದದ್ದು ಯಾರೋ ಬಟ್ಟೆ ಸುತ್ತಿದಾಗಲೇ ಗೊತ್ತಾದದ್ದು. 'ಅವನು ಹೊರಗೆ ಬರಲಿ. ನನ್ನ ಹತ್ತಿರ ಮಾತಾಡದಿದ್ದರೂ ಸರಿ... ಬರಲಿ.'

ಹೊಗೆ ಬೆಳ್ಳಗಾಗುತ್ತಾ ಬಂತು. ಮಸಿ ಬಳಿದ ಮುಖಗಳು ಒಂದೊಂದಾಗಿ ಹೊರಬಂದವು. ಕೊನೆಯದು ಅವನದು. ಎಡಗೈಯನ್ನು ಎದೆಗವಚಿಕೊಂಡಿದ್ದ. ಅವಳು ಹತ್ತಿರ ಹೋಗುವಷ್ಟರಲ್ಲಿ ಆಂಬುಲೆನ್ಸ್ ಅವನನ್ನು ಕರೆದೊಯ್ದಿತ್ತು.

ಹನ್ನೊಂದು ಮನೆ ಸುಟ್ಟವು. ಒಂದು ಜೀವವೂ ಹೋಗಲಿಲ್ಲ.

ಎಂಟು ದಿನದ ನಂತರ ಶನಿವಾರ ಬೆಳಿಗ್ಗೆ ಬಾಲವಾಡಿಯ ಹಿಂದೆ ಸುತ್ತಿಗೆಯ ಸದ್ದು ಕೇಳಿ ಬುಲೆಲ್ವಾ ಹೊರಬಂದಳು. ಕೈಗೆ ಬ್ಯಾಂಡೇಜ್ ಸುತ್ತಿಕೊಂಡು ಲುವುಯೊ ಒಂಟಿಗೈಯಲ್ಲಿ ಮೊಳೆ ಹೊಡೆಯಲು ಪರದಾಡುತ್ತಿದ್ದ.

ಅವಳು ಹೋಗಿ ಮೊಳೆ ಹಿಡಿದಳು. ಅವಳ ಅಂಗೈಗೂ ಪಟ್ಟಿಯಿತ್ತು.

"ನಾನು ಎರಡನೇ ಹಾಳೆ ಓದಿದೆ," ಅಂದಳು.

"ಹೂಂ."

"ಬೆಂಕಿ ಬೀಳೋಕೆ ಮುಂಚೆನೇ ಓದಿದ್ದೆ. ನಿಮ್ಮ ಹತ್ರ ಬರೋಣ ಅಂತಲೇ ಇದ್ದೆ. ಆ ಕಲ್ಲಿಗೂ, ಅವತ್ತಿನ ಮಾತಿಗೂ... ಏನು ಹೇಳ್ಬೇಕೋ ಗೊತ್ತಾಗ್ತಿಲ್ಲ."

"ಕಲ್ಲಿನ ನೋವು ನಾಲ್ಕೇ ದಿನ ಇದ್ದದ್ದು. ಮಾತಿನದು ಇನ್ನೂ ಇದೆ." ಅವನು ಸುತ್ತಿಗೆ ಕೆಳಗಿಟ್ಟ. "ಆದ್ರೂ ಬಂದಿದ್ದೀನಲ್ಲ."

"ಯಾಕೆ ಬಂದ್ರಿ?"

"ಗೋಡೆ ಕಟ್ಟೋಕೆ."

"ಗೋಡೆ ಕಟ್ಟೋಕೆ ಈ ಓಣೀಲಿ ಗಂಡಸರಿಗೇನು ಬರಗಾಲವಾ?"

ಅವನು ನಗಲಿಲ್ಲ. ಅವಳ ಕಣ್ಣನ್ನೇ ನೋಡುತ್ತಾ ನಿಂತ. ಬುಲೆಲ್ವಾ ಮೊಳೆ ಕೆಳಗಿಟ್ಟಳು. ಇನ್ನು ನಾಳೆಗೆ ಬಿಡಲಾರೆ ಎಂದುಕೊಂಡು, ಅವಳ ಜನರಲ್ಲಿ ಮನಸ್ಸು ಕೊಟ್ಟ ಹೆಣ್ಣು ಮದುವೆಯ ಮಾತಿಗೆ ಮೊದಲು ಕೇಳಲೇಬೇಕಾದ ಪ್ರಶ್ನೆಯನ್ನು ಕೇಳಿಯೇಬಿಟ್ಟಳು.

"ನಿನ್ನ ಕುಲ ಯಾವುದು ಲುವುಯೊ?"

ನೀವು ಹೋಗಿ ನೀನು ಬಂದದ್ದು ಇಬ್ಬರಿಗೂ ತಿಳಿಯಿತು. ಒಂದೇ ಕುಲವಾದರೆ ಒಡಹುಟ್ಟಿದವರ ಲೆಕ್ಕ, ಮದುವೆಯ ಮಾತೇ ಇಲ್ಲ. ಅವಳು ಉಸಿರು ಹಿಡಿದಳು.

"ಗಾಬಾ," ಅಂದ.

ಅವಳ ಉಸಿರು ನಿಧಾನವಾಗಿ ಹೊರಬಂತು. "ನಾನು..."

"ಭೇಲೆ. ಗೊತ್ತು."

"ಯಾರು ಹೇಳಿದ್ದು ನಿನಗೆ?"

"ಮಾರದೇಬೆ ಅಜ್ಜಿ. ಕೆಂಪು ಬಣ್ಣ ತಂದ ದಿನ ವಾಪಸು ಹೋಗ್ತಾ ಕೇಳಿದೆ, ಆ ಬೈಯೋ ಹುಡುಗಿ ಯಾವ ಕುಲದೋಳು ಅಂತ."

"ಅವತ್ತೇನಾ? ನಾನು ನಿನ್ನನ್ನ ಓಡಿಸ್ತಾ ಇದ್ದೆ."

"ಹೂಂ," ಅಂದ ಲುವುಯೊ, ಅವಳ ಪಟ್ಟಿ ಸುತ್ತಿದ ಕೈಯನ್ನು ತನ್ನ ಪಟ್ಟಿ ಸುತ್ತಿದ ಕೈಯಲ್ಲಿ ಮೆಲ್ಲಗೆ ಇಟ್ಟುಕೊಳ್ಳುತ್ತಾ. "ನೀನು ಅಷ್ಟು ಜೋರಾಗಿ ಓಡಿಸದಿದ್ರೆ ಕೇಳ್ತಾನೇ ಇರಲಿಲ್ಲ."