ಕೊನೆಯ ಸಾಲಿನ ಮೂಲೆ ಸೀಟು

"ಈ ಮೂಲೆ ಸೀಟೊಂದನ್ನ ಬಿಟ್ಬಿಡಿ ಮೇಡಂ. ಉಳಿದಿದ್ದೆಲ್ಲ ಕಿತ್ಕೊಂಡು ಹೋಗಿ, ನಂದೇನೂ ತಕರಾರಿಲ್ಲ," ಎಂದ ಮುದುಕ, ಆ ಸೀಟಿನಲ್ಲೇ ಕೂತು.

ಒಂದು ಕಾಲದಲ್ಲಿ ಈ ಚಿತ್ರಮಂದಿರದಲ್ಲಿ ಟಾರ್ಚು ಹಿಡಿದು ಜನರಿಗೆ ಸೀಟು ತೋರಿಸುತ್ತಿದ್ದವನು. ಎಲ್ಲರಿಗೂ ಅವನು ಟಾರ್ಚಜ್ಜ. ಯಜಮಾನರು ತೀರಿಕೊಂಡು ಸಿನಿಮಾ ನಿಂತು ಹದಿನಾರು ವರ್ಷವಾಗಿದ್ದರೂ ಅಲ್ಲಿಂದ ಕದಲಿರಲಿಲ್ಲ. ಹಿಂದುಗಡೆಯ ಬಚ್ಚಲಿಗೆ ನಾಲ್ಕು ಹೆಜ್ಜೆ. ಅದರಾಚೆ ಅವನು ಹೋದದ್ದನ್ನು ಕಂಡವರಿಲ್ಲ. ಊಟ ಕಾವಲುಗಾರ ತಂದುಕೊಡುತ್ತಿದ್ದ.

"ಹಾಲ್ ಖಾಲಿ ಹೊಡೀತಿದೆ ಅಂತ ಹಳೇ ಯಜಮಾನರು ಇಲ್ಲಿ ಮಾಟ ಮಾಡಿಸಿದ್ರು. ಜನ ಮುಗಿಬಿದ್ದು ಬಂದ್ರು, ನಿಜ. ಆದ್ರೆ ಒಬ್ಬರು ಎಲ್ಲಾ ಗೊತ್ತಿದ್ದು, ಒಪ್ಪಿ ಈ ಜಾಗದಲ್ಲಿ ಕೂತಿರಬೇಕು. ಜಾಗ ಖಾಲಿಯಾದ್ರೆ ಮೊದಲು ಒಳಗೆ ಬಂದವರನ್ನ ಅದೇ ಹಿಡಿದು ಕೂರಿಸ್ಕೊಳ್ಳುತ್ತೆ, ಒಪ್ಪಿದವರೊಬ್ರು ಬಂದು ಕೂರೋವರೆಗೂ ಬಿಡಲ್ಲ."

ಇಂಜಿನಿಯರ್ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಒಳ್ಳೇದೇ ಆಯ್ತಲ್ಲ ಅಜ್ಜ. ನಮ್ಮ ನಾಟಕಕ್ಕೂ ಹಾಗೇ ಜನ ಬರಲಿ."

ಪಾಳುಬಿದ್ದ ಕಟ್ಟಡವನ್ನು ಊರಿನವರ ನಾಟಕಕ್ಕೆ, ಹಾಡಿಗೆ, ಮಕ್ಕಳ ಓದಿಗೆ ಅಣಿಮಾಡುವ ಕೆಲಸ ಅವಳದು. ಒಳ್ಳೆಯ ಕೆಲಸವೇ, ಯಾರು ಬೇಡವೆಂದರು? ಆದರೆ ಅವಳದೊಂದು ನಿಯಮ: ಚಾವಣಿಯ ಗಾರೆ ಕೆಡವುವಾಗ ಕೆಳಗೆ ನರಪಿಳ್ಳೆಯೂ ಇರಕೂಡದು. ಮುದುಕ ಏಳಲೊಲ್ಲ. ಮರುದಿನ ಮಧ್ಯಾಹ್ನ ಅವಳಿಗೆ ರೇಗಿಹೋಯಿತು.

"ಬೋಲ್ಟ್ ಕತ್ತರಿಸಿ, ಕುರ್ಚಿ ಸಮೇತ ಹೊತ್ಕೊಂಡು ಹೋಗ್ರಪ್ಪ," ಎಂದಳು.

ನಾಲ್ಕು ಜನ ಅವನನ್ನು ಮದುವಣಿಗನ ಹಾಗೆ ಎತ್ತಿ ಅಂಗಳಕ್ಕೆ ತಂದಿಳಿಸಿದರು. ದಾರಿಯುದ್ದಕ್ಕೂ ಬೇಡ ಬೇಡ ಎನ್ನುತ್ತಿದ್ದವನು ಬಿಸಿಲು ತಾಗಿದ್ದೇ ಕುರ್ಚಿಯ ಕೈಗಳನ್ನು ಊರಿದ. ಎದ್ದು ನಿಂತ. ಹತ್ತು ಹೆಜ್ಜೆ ನಡೆದ. ತನ್ನ ಕಾಲುಗಳನ್ನೇ ನೋಡಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ, "ಒಳಗೆ ಯಾರೂ ಹೋಗಿಲ್ಲ ತಾನೇ?" ಎಂದ.

ಇಂಜಿನಿಯರಮ್ಮನ ತಂಗಿ ಹೋಗಿದ್ದಳು. ಗೋಡೆಯ ಹಳೆಯ ಚಿತ್ತಾರಕ್ಕೆ ಬಣ್ಣ ತುಂಬುವವಳು, ಏಳು ತಿಂಗಳ ಬಸುರಿ. ಮರೆತ ಕುಂಚ ತರುತ್ತೇನೆಂದು ಆಗಷ್ಟೇ ಎದ್ದು ಹೋಗಿದ್ದಳು.

ಒಳಗಿನಿಂದ ಠಪ್ ಎಂದಿತು. ಮಡಚಿದ ಸೀಟೊಂದು ಬಿಚ್ಚಿಕೊಂಡ ಸದ್ದು. ಮತ್ತೊಂದು ಠಪ್. ಆಮೇಲೆ ಸಾಲಿಗೆ ಸಾಲೇ.

ಅಕ್ಕ ಓಡಿದಳು. ಅವಳು ಒಳಹೊಕ್ಕಿದ್ದೇ ತಡ, ಬಾಗಿಲು ತಾನಾಗಿ ಮುಚ್ಚಿತು. ಬಾವಲಿ ಹಿಕ್ಕೆಯ, ಕೊಳೆತ ಮಖಮಲ್ಲಿನ ನಾತದ ನಡುವೆ ಸುಟ್ಟ ಕೂದಲಿನ ವಾಸನೆ ಗಂಟಲಿಗೆ ಅಡರಿತು. ಕತ್ತಲಲ್ಲಿ ಯಾರೋ ಕೆಮ್ಮಿದರು. ಯಾರೋ ಪಿಸುಗುಟ್ಟಿದರು. ಸೀಟುಗಳಲ್ಲಿ ಯಾರೂ ಇರಲಿಲ್ಲ.

ಮೊಬೈಲಿನ ಬೆಳಕು ಮೂಲೆಗೆ ಬಿತ್ತು. ಕುರ್ಚಿ ಕಿತ್ತ ಜಾಗದಲ್ಲಿ ನೆಲ ಒಡೆದು ಕುಳಿ ಬಿದ್ದಿತ್ತು. ಕುಳಿಯಲ್ಲಿ ತಾಮ್ರದ ತಗಡು, ಕಪ್ಪು ದಾರ, ಮೊಳೆ ಹೊಡೆದ ಕೂದಲಿನ ಉಂಡೆ. ಅದರ ಮೇಲೆಯೇ ತಂಗಿ ಕಾಲು ಚಾಚಿ ಕೂತಿದ್ದಳು.

"ಏಳೋಕೇ ಆಗ್ತಿಲ್ಲ ಅಕ್ಕ. ಯಾರೋ ಸೊಂಟ ಹಿಡ್ಕೊಂಡಿದಾರೆ."

ಎಳೆದಳು. ಕದಲಲಿಲ್ಲ. ಕಂಕುಳಿಗೆ ಕೈಕೊಟ್ಟು ಎತ್ತಿದಳು. ಕದಲಲಿಲ್ಲ. ತಂಗಿಯ ಕಾಲು ಮಂಜುಗಡ್ಡೆಯಾಗಿತ್ತು. ಆ ತಣುಪು ಮೇಲೇರುತ್ತಿತ್ತು. ಮೊಣಕಾಲು. ತೊಡೆ.

ಮುಚ್ಚಿದ ಬಾಗಿಲಾಚೆಯಿಂದ ಮುದುಕನ ದನಿ ಬಂತು. "ಹೊಟ್ಟೆ ಮುಟ್ಟೋದರೊಳಗೆ ಬಿಡಿಸ್ಕೊಳ್ಳಿ ಮೇಡಂ. ಮುಟ್ಟಿದ್ರೆ ಅದು ಕೂಸನ್ನೂ ಬಿಡಲ್ಲ."

"ನೀವು ಬನ್ನಿ ಅಜ್ಜ. ಬಂದು ಕೂತ್ಕೊಳ್ಳಿ. ನಿಮ್ಮ ಕಾಲಿಗೆ ಬೀಳ್ತೀನಿ."

"ನನ್ನಿಂದಾಗಲ್ಲ ಮಗಳೇ," ಎಂದಿತು ದನಿ. ಆಮೇಲೆ ಹೆಜ್ಜೆಗಳು. ದೂರ ಹೋಗುವ ಹೆಜ್ಜೆಗಳು.

"ಅಕ್ಕ, ಕೂಸು ಒದೀತಿಲ್ಲ," ಎಂದಳು ತಂಗಿ.

ನಂಬದವಳಿಗೆ ಈಗ ನಂಬದೆ ವಿಧಿಯಿರಲಿಲ್ಲ. ಗೊತ್ತಿತ್ತು. ಒಪ್ಪಿದಳು. ತಂಗಿಯ ಪಕ್ಕ ಕುಳಿಯೊಳಕ್ಕೆ ಕುಸಿದಳು. "ನಾನು ಕೂತಿದೀನಿ. ಅವಳನ್ನ ಬಿಡು." ಸೊಂಟದ ಸುತ್ತ ತಣ್ಣನೆಯ ಕೈಗಳು ಬಿಗಿದವು. ತಂಗಿ ಎದ್ದಳು. ಬಾಗಿಲು ತೆರೆಯಿತು.

"ಓಡು. ತಿರುಗಿ ನೋಡಬೇಡ," ಎಂದಳು ಅಕ್ಕ.

ರಂಗಮಂದಿರವೇನೋ ಚೆಂದವಾಗಿಯೇ ಎದ್ದು ನಿಂತಿತು. ಅಕ್ಕ ಕೂತಲ್ಲಿಂದಲೇ ಕೆಲಸ ಮುಗಿಸಿದಳು. ಎಲ್ಲ ಸೀಟುಗಳಿಗೂ ಹೊಸ ಮಖಮಲ್ಲು ಬಂತು, ಅವಳದಕ್ಕೂ. ಈಗ ವಾರದಲ್ಲಿ ಆರು ದಿನ ಕಿಕ್ಕಿರಿದ ಜನ. ಅಷ್ಟು ಜನರಲ್ಲಿ ಒಬ್ಬರೂ ಅವಳ ಬದಲಿಗೆ ಸಿಗುವುದಿಲ್ಲ. ವಿಷಯ ಹೇಳಿದರೆ ಯಾರೂ ಕೂರುವುದಿಲ್ಲ, ಹೇಳದೆ ಕೂರಿಸಿದರೆ ಅದು ಒಪ್ಪುವುದಿಲ್ಲ, ಕುರ್ಚಿ ಸಮೇತ ಎತ್ತಿಸಿಕೊಂಡು ಹೋದರೆ ಮೊದಲು ಒಳಬಂದ ಮಗುವನ್ನೇ ಅದು ಹಿಡಿದೀತು. ಅವಳು ಅತ್ತು ಅತ್ತು ಸಾಕಾಗಿದ್ದಾಳೆ.

ಮೊನ್ನೆ ಮಧ್ಯಾಹ್ನ, ಸಂಗೀತದ ಮಕ್ಕಳು ಬರುವ ಮುಂಚೆ, ರಂಗದ ಪಕ್ಕದ ಬಾಗಿಲು ತೆರೆಯಿತು. ಹೊಸ್ತಿಲಾಚೆ, ಬಿಸಿಲಿನಲ್ಲಿ, ತಂಗಿ ನಿಂತಿದ್ದಳು. ಕೈಯಲ್ಲಿ ಕೂಸು.

"ಇನ್ನೊಂಚೂರು ಹತ್ತಿರ ಬಾರೇ."

"ಬೇಡ ಕಣೇ ಅಕ್ಕ. ಒಳಗಿಡೋಕೆ ನಂಗೆ ಕಾಲೇ ಬರಲ್ಲ." ಅಲ್ಲಿಂದಲೇ ಕೂಸನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. "ಎಲ್ಲರೂ ನಿನ್ನ ಥರಾನೇ ಇದೆ ಅಂತಾರೆ. ಕಾಣಿಸ್ತಿದೆಯಾ?"

ಬಾಗಿಲ ತುಂಬ ಬಿಸಿಲು ಸುರಿಯುತ್ತಿತ್ತು. ಅದರ ನಡುವೆ ಅವಳಿಗೆ ಕಂಡದ್ದು ಕರ್ರಗಿನ ಒಂದು ಗಂಟು ಮಾತ್ರ. ಆ ಬೆಳಕಿಗೆ ಕಣ್ಣು ಕಾಣದು, ಮೂಗು ಕಾಣದು.

"ಕಾಣಿಸ್ತಿದೆ ಕಣೇ," ಎಂದಳು ಅಕ್ಕ. "ತುಂಬಾ ಮುದ್ದಾಗಿದೆ."